ಇದ್ದಿಲ ಕೈಗಳ ಗೋಪುರ

"ಕಾಲಿಗೆ ಬುದ್ಧಿ ಹೇಳ್ರೀ, ಈಗಲೇ!" ಪೆಲಾಗ್ಯಾ ಏದುಸಿರು ಬಿಡುತ್ತ ವೇದಿಕೆಯ ಪರದೆಯ ಹಿಂದಕ್ಕೆ ನುಗ್ಗಿದಳು. "ನಿಮ್ಮ ಸ್ಟೇಷನ್ ಮಾಸ್ತರು ಪೊಲೀಸಿನವನನ್ನ ಕಟ್ಕೊಂಡು ಮುಂದಿನ ಸಾಲಲ್ಲೇ ಕೂತವ್ರೆ. 'ಮುಖ ಕಾಣದಿದ್ರೆ ಏನಂತೆ, ಕೈ ಕಾಣುತ್ತಲ್ಲ' ಅಂದಿದ್ದು ನಾನೇ ಕಿವಿಯಾರೆ ಕೇಳ್ದೆ."

ಅವಳ ಗಂಡ ವಾಲೆಂತಿ ತನ್ನ ಕೈಗಳನ್ನು ನೋಡಿಕೊಂಡ. ಹದಿನಾಲ್ಕು ವರ್ಷ ರೈಲು ಎಂಜಿನ್ನಿಗೆ ಕಲ್ಲಿದ್ದಲು ಎತ್ತಿಹಾಕಿದ ಕೈ. ಮರಳು ಹಾಕಿ ಉಜ್ಜಿದರೂ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ. ಊರು ಪೋಲಿಷರದು, ಆದರೆ ಆಳ್ವಿಕೆಯೂ ರೈಲೂ ಪ್ರಷ್ಯಾದ ಜರ್ಮನ್ ದೊರೆಯವು. ದೊರೆಯ ಅನ್ನ ತಿನ್ನುವವರು ಪೋಲಿಷ್ ಸಂಘಗಳ ಹೊಸ್ತಿಲು ತುಳಿಯಕೂಡದೆಂದು ಕಟ್ಟಪ್ಪಣೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ರೈಲ್ವೆಯವರು ಕೊಟ್ಟ ಮನೆಯೂ ಹೋಗುತ್ತದೆ, ಮೂರು ಮಕ್ಕಳು ಬೀದಿಗೆ ಬೀಳುತ್ತವೆ.

ಆದರೂ ಎರಡು ವರ್ಷದಿಂದ ಅವನು ಸೊಕುವ್, ಅಂದರೆ ಗಿಡುಗ, ಎಂಬ ಈ ಪೋಲಿಷ್ ವ್ಯಾಯಾಮ ಸಂಘಕ್ಕೆ ಹಿಂಬಾಗಿಲಿನಿಂದ ಬರುತ್ತಿದ್ದ. ಮೈಗಳನ್ನು ಒಂದರ ಮೇಲೊಂದು ಪೇರಿಸುವ ಗೋಪುರದಲ್ಲಿ ಅವನದು ತಳದ ಸಾಲಿನ ನಟ್ಟನಡುವಿನ ಜಾಗ. ಮಂಡಿ ಕೈ ಊರಿ ನೆಲ ನೋಡುತ್ತ ನಿಲ್ಲಬೇಕು. ಗೋಪುರ ಎದ್ದ ಮೇಲೆಯೇ ಪರದೆ ಸರಿಯುತ್ತಿತ್ತು. "ತಳದವನ ಮುಖ ಯಾವನು ನೋಡ್ತಾನೆ, ಬಾರಯ್ಯ" ಎಂದು ಧೈರ್ಯ ಹೇಳಿದವನು ತರಬೇತಿ ಕೊಡುವ ರೋಖ್, ಕುದುರೆ ಜೀನು ಹೊಲಿಯುವವನು.

ಈ ಸಂಘದ ಋಣ ದೊಡ್ಡದು. ಕೆಲಸದಲ್ಲಿ ಅವನನ್ನು ಬೈಯುತ್ತಿದ್ದದ್ದು ಜರ್ಮನ್ನಿನಲ್ಲಿ. ಶಾಲೆಯಲ್ಲಿ ಮಗಳು ಮನೆಮಾತಿನಲ್ಲಿ ಪ್ರಾರ್ಥನೆ ಹೇಳಿ ಬೆತ್ತದ ಏಟು ತಿಂದಿದ್ದಳು. ಗೋಡೆಯ ಮೇಲೆ ಗಿಡುಗದ ಚಿತ್ರವಿದ್ದ ಈ ಕೋಣೆಯಲ್ಲಿ ಮೊದಲ ದಿನ ರೋಖ್ ಅವನ ಸ್ವಂತ ಭಾಷೆಯಲ್ಲಿ "ನೆಟ್ಟಗೆ ನಿಲ್ಲು!" ಎಂದು ಗದರಿಸಿದಾಗ ಬಗ್ಗಿಹೋಗಿದ್ದ ಬೆನ್ನು ತಾನಾಗಿ ಎದ್ದಿತ್ತು. "ಮದುವೇಲಿ ಇಷ್ಟುದ್ದ ಇರ್ಲಿಲ್ವಲ್ಲ ನೀವು" ಎಂದು ಪೆಲಾಗ್ಯಾ ಅಂದು ನಕ್ಕಿದ್ದಳು.

ಈಗ ವಾಲೆಂತಿ ಕೋಟಿಗೆ ಕೈ ಹಾಕಿದ.

"ನಡುವಿನ ಕಂಬವೇ ಹೋದ್ರೆ ಗೋಪುರ ಎಲ್ಲಿ ನಿಲ್ಲುತ್ತಪ್ಪ?" ಎಂದ ರೋಖ್. ಆಮೇಲೆ ದನಿ ತಗ್ಗಿಸಿ, "ಹೋಗು ಹೋಗು. ಮಕ್ಕಳ ಮುಖ ನೋಡು" ಎಂದ.

ಉಳಿದವರು ಕೈ ಜಾರದಿರಲೆಂದು ಸೀಮೆಸುಣ್ಣದ ಪುಡಿ ಉಜ್ಜಿಕೊಳ್ಳುತ್ತಿದ್ದರು. ಅವರಲ್ಲಿ ಔಷಧಿ ಅಂಗಡಿಯ ತೆಯೋಫಿಲ್ ಎಲ್ಲರಿಗಿಂತ ಹಗುರ. ಗೋಪುರದ ತುದಿ ಅವನದು. ಗಿರಾಕಿ ಹೋದ ಕೂಡಲೇ ಕೈ ತೊಳೆಯುವ ಮನುಷ್ಯ. ಎರಡು ವರ್ಷದಲ್ಲಿ ಒಮ್ಮೆಯೂ ವಾಲೆಂತಿಯ ಕೈ ಕುಲುಕಿದವನಲ್ಲ, ದೂರದಿಂದಲೇ ತಲೆಯಾಡಿಸುತ್ತಿದ್ದ. 'ಜಂಬದ ಕೋಳಿ' ಎಂದು ವಾಲೆಂತಿ ಮನೆಯಲ್ಲಿ ಆಡಿಕೊಂಡದ್ದೂ ಉಂಟು.

ಆ ತೆಯೋಫಿಲ್ ಸುಣ್ಣದ ಡಬ್ಬಿ ಮುಚ್ಚಿದ. ಒಲೆಯ ಪಕ್ಕದ ಕಲ್ಲಿದ್ದಲ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿ ಚೆನ್ನಾಗಿ ಉಜ್ಜಿಕೊಂಡ.

"ಏನ್ ಹಂಗೆ ನೋಡ್ತೀರಿ? ಸುಣ್ಣ ಮುಗೀತು. ಇವತ್ತು ಇದೇ."

ರೋಖ್ ಬಕೆಟ್ಟನ್ನೂ ಅವನ ಕೈಗಳನ್ನೂ ನೋಡಿದ. ಆಮೇಲೆ ಗಹಗಹಿಸಿ ನಕ್ಕ. "ಔಷಧಿ ಅಂಗಡಿಯವರೇ ಕೊಟ್ಟ ಮೇಲೆ ತಗೊಳ್ದೆ ಇರೋಕಾಗುತ್ತಾ! ಸಾಲಾಗಿ ಬನ್ರಪ್ಪ!" ರೊಟ್ಟಿ ಸುಡುವವನು, ಗಡಿಯಾರ ರಿಪೇರಿಯವನು, ಒಬ್ಬೊಬ್ಬರೂ ಬಕೆಟ್ಟಿಗೆ ಕೈ ಹಾಕಿದರು. ವಾಲೆಂತಿ ಕೋಟನ್ನು ಮೊಳೆಗೆ ತೂಗುಹಾಕಿದ.

ಪರದೆ ಸರಿಯಿತು. ಅವನಿಗೆ ಕಾಣುತ್ತಿದ್ದದ್ದು ಹಲಗೆ, ತನ್ನ ಹತ್ತು ಬೆರಳು, ಅಷ್ಟೇ. ಸ್ಟೇಷನ್ ಮಾಸ್ತರ ಕಿರ್ರೆನ್ನುವ ಬೂಟುಗಳು ವೇದಿಕೆ ಹತ್ತಿ ಅವನ ಬೆರಳ ಮುಂದೆಯೇ ನಿಂತವು. ಅವನು ಬೆರಳುಗಳನ್ನು ಹಲಗೆಗೆ ಒತ್ತಿಹಿಡಿದ. ಬೂಟುಗಳು ಪಕ್ಕದ ಕೈಗಳಿಗೆ ಹೋದವು, ಅಲ್ಲಿಂದ ಮುಂದಿನವಕ್ಕೆ, ಮತ್ತೆ ಹಿಂದಕ್ಕೆ. ಅಷ್ಟರಲ್ಲಿ ತುದಿಯಲ್ಲಿದ್ದ ತೆಯೋಫಿಲ್ ಎರಡೂ ಅಂಗೈಗಳನ್ನು ಸಭೆಯತ್ತ ಅಗಲವಾಗಿ ಚಾಚಿರಬೇಕು. ಒಬ್ಬಳು ಕಿಸಕ್ಕೆಂದಳು, ಸಭೆಯೇ ನಕ್ಕಿತು, ನಗು ಚಪ್ಪಾಳೆಗೆ ತಿರುಗಿತು. ಬೂಟುಗಳು ದಡದಡ ಇಳಿದುಹೋದವು.

ಬೆನ್ನಿನ ಮೇಲೆ ಅಷ್ಟು ಜನರ ಭಾರ. ಇವರು ಇಳಿಯದೆ ಹೀಗೇ ಇದ್ದುಬಿಡಲಿ ಎನ್ನಿಸಿತು ವಾಲೆಂತಿಗೆ. ಕಣ್ಣೀರು ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತಳದವನ ಮುಖ ಯಾರೂ ನೋಡುವುದಿಲ್ಲ, ಒಳ್ಳೆಯದೇ ಆಯಿತು.

ಮರುದಿನ ಪೆಲಾಗ್ಯಾ ಮನೆಯಲ್ಲೇ ಕಾಯಿಸಿದ ಮರಳು ಸಾಬೂನಿನ ಗಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟಳು. ವಾಲೆಂತಿ ಅದನ್ನು ಔಷಧಿ ಅಂಗಡಿಗೆ ಒಯ್ದ. "ನಮ್ಮಂಥವರ ಸಾಬೂನು. ನಿಮ್ಮ ಕೈಗೆ ಎರಡು ಸಲ ಹಾಕಿದ್ರೆ ಸಾಕು, ಹೋಗ್ಬಿಡುತ್ತೆ" ಎಂದ. ಪೊಟ್ಟಣವನ್ನು ಅವನ ಮುಂದಿಟ್ಟ. ತೆಯೋಫಿಲ್ ಗಲ್ಲಾದ ಮೇಲಿಂದ ಕೈ ಚಾಚಿ ಅವನ ಕೈ ಹಿಡಿದು ಕುಲುಕಿದ.

ಆ ವಾರವೆಲ್ಲ ಸ್ಟೇಷನ್ ಮಾಸ್ತರು ಏನಾದರೊಂದು ಕೊಳ್ಳುವ ನೆಪದಲ್ಲಿ, ಅಂಗಡಿಯವರ ಕೈಗಳನ್ನೇ ನೋಡುತ್ತ, ಊರ ಅಂಗಡಿಗಳನ್ನು ಸುತ್ತಿದರು.

ಶನಿವಾರ ಚಿಕ್ಕ ಮಗುವಿನ ಕೆಮ್ಮಿಗೆಂದು ವಾಲೆಂತಿ ಮತ್ತೆ ಹೋದ. ತೆಯೋಫಿಲ್ ಪುಟ್ಟ ತಕ್ಕಡಿಯಲ್ಲಿ ಬಿಳಿ ಪುಡಿ ತೂಗುತ್ತಿದ್ದ. ಬೆರಳ ಗೆರೆಗಳಲ್ಲಿ, ಉಗುರುಗಳ ಸುತ್ತ ಕಪ್ಪು ಹಾಗೆಯೇ ಇತ್ತು. ಹಿಂದಿನ ಕಪಾಟಿನಲ್ಲಿ, ಸೀಸೆಗಳ ಸಾಲಿನ ಕೊನೆಗೆ, ಸಾಬೂನಿನ ಪೊಟ್ಟಣವಿತ್ತು. ಪೆಲಾಗ್ಯಾ ಕಟ್ಟಿದ ದಾರವನ್ನು ಯಾರೂ ಬಿಚ್ಚಿರಲಿಲ್ಲ.