ಬೇಡ ಎನ್ನಬಲ್ಲವರು

ಬಜ್ಜಿ ಕರಿಯುವ ವಾಸನೆ, ಎಲ್ಲಿಂದ, ಸಿಗ್ನಲ್ಲಿನ ಪಕ್ಕದ ತಳ್ಳುಗಾಡಿಯಿಂದ ಇರಬೇಕು, ಬಸ್ಸು ನಿಂತಿದೆ, ಅಯ್ಯೋ, ನನಗೆ ಹಸಿವಾಗುತ್ತಿದೆ— ನಾಲ್ಕಾರು ದಿನದಿಂದ ಅನ್ನ ಗಂಟಲಲ್ಲಿ ಇಳಿಯದವಳಿಗೆ ಈಗ ಬಜ್ಜಿ ಬೇಕಂತೆ, ನಗು ಬರುತ್ತಿದೆ, ಮುಂದಿನ ಸೀಟಿನವಳು ತಿರುಗಿ ನೋಡಿದಳು, ನೋಡಲಿ, ಮುಗಿಯಿತಲ್ಲ, ಮುಗಿದೇ ಹೋಯಿತು. ಮಾಜಿ ಸೈನಿಕರ ಸಂಘದಲ್ಲಿ ನಾನೊಬ್ಬಳೇ ಹೆಂಗಸು, ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಾಗಿ ಆಯಸ್ಸು ಸವೆಸಿದವಳು, ಸಭೆಗೆ ಹೋಗುವುದು ಮೂಲೆಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಬರುವುದಕ್ಕೆ, ಇವತ್ತು ಮಾತ್ರ ಅಧ್ಯಕ್ಷರು ಸಿದ್ದಲಿಂಗಸ್ವಾಮಿ ಕನ್ನಡಕ ಏರಿಸಿ, ನಾಲ್ಕಾರು ದಿನದ ಹಿಂದೆ ನೋಟೀಸಿನಲ್ಲಿ ಬಂದಿದ್ದ ಆ ನಿರ್ಣಯ ಓದಿದರು, ಅಕ್ರಮವಾಗಿ ದೇಶದೊಳಗೆ ನುಸುಳಿ ನೆಲೆಸಿದವರನ್ನು ಹಿಡಿದು ಹೊರಹಾಕಲು ಊರೂರಿಗೆ ಸೇನೆಯನ್ನೇ ಇಳಿಸಬೇಕೆಂದು ಕೋರುತ್ತೇವೆ, ಎಲ್ರೂ ಒಪ್ಪಿದ್ದೀರಿ ತಾನೇ, ಮುಂದಿನ ವಿಷಯಕ್ಕೆ ಹೋಗೋಣ್ವಾ. ಸುಂದರೇಶ ಮೇಜು ಗುದ್ದಿದರು, ಗಡೀಲಿ ನಮ್ಮ ಹುಡುಗ್ರು ಸಾಯೋದು, ಇವ್ರು ಒಳಗೆ ಬಂದು ಆರಾಮಾಗಿ ಕೂರೋದು, ಪೊಲೀಸ್ರ ಕೈಲಿ ಆಗಲ್ಲ ಕಣ್ರೀ, ಆರ್ಮಿ ಇಳೀಲಿ. ತಮ್ಮನನ್ನು ಗಡಿಯಲ್ಲೇ ಕಳೆದುಕೊಂಡ ಮನುಷ್ಯ, ಅವರ ಸಿಟ್ಟು ಸುಳ್ಳೆಂದು ಹೇಗೆ ಹೇಳಲಿ, ಸುಳ್ಳಲ್ಲ, ಆದರೂ— ಆದರೂ ನನಗೆ ರಾಮಸ್ವಾಮಿ ಕಾಣುತ್ತಿದ್ದ, ಈಶಾನ್ಯದ ಆಸ್ಪತ್ರೆಯ ನನ್ನ ವಾರ್ಡು, ಮೈಮೇಲೆ ಒಂದು ಗೀರೂ ಇಲ್ಲದ ಸಿಪಾಯಿ, ತಟ್ಟೆ ಇಟ್ಟರೆ ಮುಖ ತಿರುಗಿಸುತ್ತಾನೆ, ಹೊರಗಿನವರನ್ನು ಹುಡುಕಿ ಅಂತ ಯಾವುದೋ ಊರಿಗೆ ಅವನ ತುಕಡಿಯನ್ನು ಕಳಿಸಿದ್ದರು, ಬಾಗಿಲು ಒದ್ದೆ ಸಿಸ್ಟರ್, ಒಳಗೆ ಅಜ್ಜಿ ಒಬ್ಬಳೇ, ಒಲೆ ಮೇಲೆ ಅನ್ನ ಕುದೀತಿತ್ತು, ಅನ್ನ ಇಳಿಸಿ ಬರ್ತೀನಿ ಅಂತ ಕೈಸನ್ನೆ ಮಾಡಿದ್ಲು, ನಾನು ಬಿಡಲಿಲ್ಲ, ಅವಳು ಹೊರಗಿನೋಳೋ ನಮ್ಮೋಳೋ ನಂಗೇನು ಗೊತ್ತು ಸಿಸ್ಟರ್, ನಂಗೆ ಗುಂಡು ಹೊಡೆಯೋದು ಕಲಿಸಿದ್ರು, ಇದನ್ನ ಯಾರೂ ಕಲಿಸಿರಲಿಲ್ಲ. ಸುಮ್ಮನಿದ್ದುಬಿಡೋಣ ಅನ್ನಿಸಿತು, ನಿಜ, ನಮ್ಮ ಸಂಘದ ನಿರ್ಣಯವನ್ನು ದೆಹಲಿಯಲ್ಲಿ ಯಾರು ಓದುತ್ತಾರೆ, ಆದರೆ ಧನುಶ್ರೀ— ಅಣ್ಣನ ಮಗಳು, ನನ್ನನ್ನು ನೋಡಿಯೇ ಸೇನೆ ಸೇರಿದವಳು, ಮಿಲಿಟರಿ ಪೊಲೀಸ್, ಹೆಂಗಸರಿರುವ ಮನೆಗೆ ನುಗ್ಗಬೇಕೆಂದರೆ ಮೊದಲು ಕಳಿಸುವುದು ಅವಳಂಥವರನ್ನೇ— ಫೋನಿನಲ್ಲಿ ಹೇಳಿದ್ದಳು, ಆರ್ಡರ್ ಬಂದ್ರೆ ನಾನು ಹೋಗ್ಲೇಬೇಕು ಅತ್ತೆ, ಬೇಡ ಅನ್ನೋಕೆ ನಂಗಾಗಲ್ಲ, ನಿಮಗಾಗುತ್ತೆ. ಅದೇ ಮಾತು ನನ್ನನ್ನು ಎಬ್ಬಿಸಿತು, ಎದ್ದೆ, ಆ ಅಜ್ಜಿಯ ಅನ್ನದ ವಿಷಯ ಹೇಳಿದೆ, ಅಷ್ಟೇ, ನಾನು ಒಪ್ಪಲ್ಲ ಅಂದೆ, ಕೂತೆ. ಇನ್ನು ಈ ಸಂಘದ ಋಣ ತೀರಿತು ಅಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು, ಹವಾಲ್ದಾರ್ ಲಿಂಗಯ್ಯ, ನಾನು ಎಲ್ಲರಿಗಿಂತ ಹೆಚ್ಚು ಹೆದರಿದ್ದು ಅವರಿಗೇ, ನುಸುಳಿ ಬಂದೋರ್ನ ಒದ್ದು ಓಡಿಸ್ಬೇಕು ಅಂತ ಧ್ವಜ ಹಾರಿಸಿದ ದಿನ ಕೂಗಾಡಿದ್ದವರು, ಈಗ ಏನನ್ನುತ್ತಾರೋ— ಬಲಗೈ ಎತ್ತಿದರು, ಹಿಮದಲ್ಲಿ ಕೊಳೆತು ಮೂರು ಬೆರಳು ಹೋದ ಕೈ, ನಾನೂ ಬೇಡ ಅಂತೀನಿ, ಬೆರ್ಳು ಕೊಟ್ಟಿದ್ದು ಗಡಿ ಕಾಯಕ್ಕೆ ಕಣ್ರೀ, ಊರೊಳಗೆ ಜನ್ರ ಬಾಗ್ಲು ಒದೆಯಕ್ಕಲ್ಲ, ಕಳಿಸ್ಬೇಕಾದೋರ್ನ ಕಳಿಸ್ಲಿ, ಪೊಲೀಸಿದೆ, ಕೋರ್ಟಿದೆ, ಅಂಗೇ ಆಗ್ಲಿ. ಆಮೇಲೆ ಕಿಟಕಿ ಬಳಿ ಒಂದು ಕೈ, ಬಾಗಿಲ ಬಳಿ ಇನ್ನೆರಡು, ನೋಡುತ್ತಿದ್ದಂತೆ ಅರ್ಧಕ್ಕಿಂತ ಹೆಚ್ಚು ಕೈಗಳು, ಸಿದ್ದಲಿಂಗಸ್ವಾಮಿ ಎಣಿಸಿದರು, ಮತ್ತೆ ಎಣಿಸಿದರು, ನಿರ್ಣಯ ಬಿತ್ತು ಕಣ್ರಪ್ಪಾ ಅಂದರು, ಅವರ ದನಿಯಲ್ಲೂ ಏನೋ ಹಗುರವಾದ ಹಾಗೆ. ಸುಂದರೇಶ ಮೆಟ್ಟಿಲಿಳಿಯುವಾಗ ಪಕ್ಕಕ್ಕೆ ಬಂದರು, ನಂಗಿನ್ನೂ ಒಪ್ಪಿಗೆ ಇಲ್ಲ ಮೇಡಂ, ಬನ್ನಿ, ಬಸ್‌ಸ್ಟಾಪ್ ತನಕ ಬರ್ತೀನಿ. ಬಂದರು, ಬಸ್ಸು ಬಂದಾಗ ನನ್ನ ಚೀಲ ಎತ್ತಿಕೊಟ್ಟರು. ಮನೆಗೆ ಹೋಗಿ ಮೊದಲು ಧನುಶ್ರೀಗೆ ಫೋನು, ಬಿತ್ತು ಕಣಮ್ಮ ಅನ್ನಬೇಕು, ಅವಳು ಏನನ್ನುತ್ತಾಳೆ, ನಗುತ್ತಾಳೆ, ಅಶೋಕಪುರಂ ಬಂತೇ, ಇನ್ನೂ ಇಲ್ಲ, ಮೊಸರಿದೆಯೇ ಮನೆಯಲ್ಲಿ, ಇದ್ದರೆ ಸಾಕು, ಬಿಸಿ ಅನ್ನ, ಮೊಸರು, ಮತ್ತೆ ಆ ಕೈ, ಎಲ್ಲ ತಲೆಗಳ ಮೇಲೆ, ಟಿಕೆಟ್ಟು ಎಲ್ಲಿಟ್ಟೆ, ಇರಲಿ, ಆ ಕೈ, ಹೆಬ್ಬೆರಳು ತೋರುಬೆರಳು ಎರಡೇ, ಅಲುಗದೆ, ಮೇಲಕ್ಕೆ—