ಭೀಮಕ್ಕನ ಎರಡು ಎಕರೆ

“ಹೊರಲೇ ಹವಾಲ್ದಾರ, ಹೊರು! ದೇಶದ ಗಡಿ ಕಾದೋನಿಗೆ ಒಂದು ಗಡಿಕಲ್ಲು ಭಾರ ಆತೇನಲೇ?”

ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ ರುದ್ರಮುನಿಗೌಡ ಹೀಗೆ ಕೂಗಿದಾಗ ಅವನ ಆಳುಗಳು ಹಲ್ಲು ಕಿಸಿದರು. ಪಕ್ಕದ ಕುರ್ಚಿಯಲ್ಲಿ ಸರ್ವೆಯರ್ ಪ್ರಸನ್ನಕುಮಾರ್ ಎಳನೀರು ಕುಡಿಯುತ್ತಿದ್ದ. ನನಗೆ ಕುರ್ಚಿಯೂ ಇಲ್ಲ, ಎಳನೀರೂ ಇಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ಬಂದವನು ನಾನು, ಕೊಟ್ರೇಶ. ಊರಿಗೆ ಬಂದ ಮೇಲೆ ಮತ್ತೆ ಕೇರಿಯವನೇ. ಆದರೂ ಅವತ್ತು ಕಲ್ಲನ್ನು ಖುಷಿಯಿಂದಲೇ ಹೊತ್ತೆ. ಅದು ನಮ್ಮ ಭೀಮಕ್ಕತ್ತಿಗೆಯ ಹೊಲದ ಕಲ್ಲು.

ಅವಳ ಗಂಡ ಹನುಮಂತಪ್ಪ ನನಗಿಂತ ಎರಡು ವರ್ಷ ಮೊದಲು ಮಿಲಿಟರಿ ಸೇರಿದವನು. ನನ್ನನ್ನು ಭರ್ತಿಗೆ ಕರೆದುಕೊಂಡು ಹೋದವನೂ ಅವನೇ. ನಿವೃತ್ತನಾಗಿ ಬಂದ ಮೂರನೇ ವರ್ಷ ಕಾಮಾಲೆಯಲ್ಲಿ ಹೋದ. ಪಿಂಚಣಿ ಭೀಮಕ್ಕನ ಹೊಟ್ಟೆಗಾಗುತ್ತಿತ್ತು. ನೆಲ ಮಾತ್ರ ಇರಲಿಲ್ಲ. ಜಗಳೂರು ತಾಲ್ಲೂಕಿನ ಸೊಕ್ಕೆಯ ಆಚೆಗಿನ ನಮ್ಮೂರಲ್ಲಿ ನೆಲವಿಲ್ಲದವರು ಯಾರ ಮುಂದೆಯೂ ನೆಟ್ಟಗೆ ನಿಲ್ಲುವ ಹಾಗಿಲ್ಲ.

ಶಾಸಕ ಮುರುಗೇಶಪ್ಪನವರು ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಎರಡೆರಡು ಎಕರೆ ಸರ್ಕಾರಿ ಬೀಳು ಕೊಡಿಸುತ್ತೇನೆಂದು ಓಡಾಡತೊಡಗಿದಾಗ ಅವಳ ಅರ್ಜಿ ಬರೆದವನು ನಾನು. “ಕೇರಿಯ ಬಡಗಣ ಬೀಳು” ಎಂದು ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಗೌಡ ಬೇಲಿ ಸುತ್ತಿಕೊಂಡು ಮೆಕ್ಕೆಜೋಳ ಬೆಳೆಯುತ್ತಿದ್ದ ಸರ್ಕಾರಿ ನೆಲ. ಪ್ರಸನ್ನಕುಮಾರ್ ಸರ್ವೆ ನಂಬರ್ ಎಪ್ಪತ್ತೆರಡು ಎಂದು ಮಹಜರು ಬರೆದು ತಂದು “ಸೈನ್ ಮಾಡು” ಎಂದ. ಮಾಡಿದೆ. ನಮ್ಮ ಕೇರಿಯಲ್ಲಿ ಯಾರಿಗೂ ನೆಲದ ನಂಬರ್ ಗೊತ್ತಿಲ್ಲ. ಸೈನ್ಯದಲ್ಲಂತೂ ಮೇಲಿನವನು ಮಾಡು ಎಂದ ಮೇಲೆ ಯಾಕೆ ಎಂದು ಕೇಳುವ ಪದ್ಧತಿಯೇ ಇಲ್ಲ. ನನ್ನ ಕೈ ಸೇದಿಹೋಗಲಿ!

ಕಲ್ಲು ಹೊತ್ತು ಬೇಲಿಯ ಕಡೆ ತಿರುಗಿದೆ.

“ಆ ಕಡೆ ಎಲ್ಲಿಗೋ? ಈ ಕಡೆ ಬಾ,” ಎಂದ ಸರ್ವೆಯರ್.

ಅವನು ಕೈ ತೋರಿಸಿದ ಕಡೆ ನೋಡಿದೆ. ಕಲ್ಲು ಹೆಗಲಿಂದ ಜಾರಿ ಬಿತ್ತು. ಅದೂ ಬಡಗಣಕ್ಕೇ ಇರುವ, ನಮ್ಮ ಕೇರಿಯವರು ಹೆಣ ಹೂಳುವ ಜಾಗ.

ನಮ್ಮವರು ಗೋರಿ ಕಟ್ಟುವುದಿಲ್ಲ, ಹೆಸರಿನ ಕಲ್ಲು ನೆಡುವುದಿಲ್ಲ. ನಾಯಿ ಕೆದರದಿರಲೆಂದು ಮೇಲೆ ಜಾಲಿಮುಳ್ಳು ಹೊದಿಸುತ್ತೇವೆ, ಅಷ್ಟೆ. ಒಂದು ಮಳೆಗಾಲ ಕಳೆದರೆ ಮುಳ್ಳು ಕರಗಿ, ಮಣ್ಣು ಕೂತು, ಹುಲ್ಲು ಬೆಳೆಯುತ್ತದೆ. ಯಾರು ಎಲ್ಲಿ ಮಲಗಿದ್ದಾರೆಂದು ಗುಣಿ ತೋಡುವ ಮೂಕಪ್ಪಜ್ಜನಿಗೆ ಮಾತ್ರ ಗೊತ್ತು.

“ಸಾರ್, ಇದು ನಮ್ಮ ಸುಡುಗಾಡು ರೀ. ಹನುಮಂತಣ್ಣನ್ನ ಇಲ್ಲೇ ಇಟ್ಟೀವಿ.”

ಪ್ರಸನ್ನಕುಮಾರ್ ನಕ್ಷೆ ಬಿಚ್ಚಿದ. “ರೆಕಾರ್ಡ್‌ನಾಗೆ ಖಾಲಿ ಬೀಳು ಅಂತ ಐತೆ. ಸುಡುಗಾಡು ಅಂತ ಎಲ್ಲೂ ಇಲ್ಲ. ಇಲ್ನೋಡು, ನಿಂದೇ ಸೈನ್.”

ಗೌಡ ಎದ್ದು ಬಂದ. “ನಿಮ್ಮ ಹೆಣ ಯಾವ ರೆಕಾರ್ಡ್‌ನಾಗೆ ಐತಲೇ? ಬ್ಯಾಡ ಅಂದ್ರೆ ಬಿಡ್ರಿ, ಸರ್ಕಾರಕ್ಕೆ ವಾಪಸ್ ಹೋಗ್ತತೆ. ಆಮ್ಯಾಲೆ ನಾನು ಹೆಂಗೆ ತಗಬೇಕೋ ಹಂಗೆ ತಗಂತೀನಿ. ಕಲ್ಲು ಎತ್ತಲೇ, ಬೋಳಿಮಗನೆ.”

ಎತ್ತಿದೆ. ನಾಲ್ಕು ಮೂಲೆಗೂ ನಾನೇ ನೆಟ್ಟೆ.

ಮುರುಗೇಶಪ್ಪನವರು ಕೆಟ್ಟವರೆಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಸೈನಿಕರೂ ಅವರ ಬಾಗಿಲಿಗೇ ಬರುತ್ತಿದ್ದರು. ಆ ಕಾಗದಗಳನ್ನು ಹಿಡಿದು ಬೆಂಗಳೂರಿನ ಕಚೇರಿಗಳ ಮೆಟ್ಟಿಲನ್ನು ಅವರೇ ಹತ್ತಿಳಿಯುತ್ತಿದ್ದರು. ಮರುದಿನ ಜಗಳೂರಿನ ಅವರ ಮನೆಗೆ ಹೋದಾಗ ಭೀಮಕ್ಕನನ್ನು ಸೋಫಾದ ಮೇಲೆ ಕೂರಿಸಿ, ಚಹಾ ಕೊಡಿಸಿ, ನನ್ನ ಮಾತನ್ನು ಪೂರ್ತಿ ಕೇಳಿದರು.

“ಅಯ್ಯೋ, ಹಿಂಗಾತಾ? ಪಟ್ಟಿ ಮಂಜೂರಾಗಿ ಬಂದೇತಲ್ಲಪ್ಪಾ. ಈಗ ಒಂದು ಹೆಸರು ಅಲ್ಲಾಡಿಸಿದ್ರೆ ನಲವತ್ತು ಜನರದ್ದೂ ನಿಲ್ತತೆ.”

“ಗೌಡ್ರು ಬೇಲಿ ಹಾಕಿರೋ ಬೀಳು ಐತಲ್ಲ ಸಾರ್? ಅದನ್ನ ಬಿಡಿಸಿ ಕೊಡ್ರಿ.”

ಅವರು ಗೋಡೆ ನೋಡಿದರು. ಓಟಿನ ದಿನ ನಮ್ಮ ಅರ್ಧ ಊರು ಗೌಡನ ಬೆರಳು ನೋಡುತ್ತದೆ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

“ಮೊದ್ಲು ಸೈನಿಕರ ಸಮಾವೇಶದಾಗೆ ಸಾಗುವಳಿ ಚೀಟಿ ತಗಳ್ರಮ್ಮ. ಆಮ್ಯಾಲೆ ಬದಲಿ ಜಾಗಕ್ಕೆ ನಾನೇ ಬರೀತೀನಿ. ಆದ್ರೆ ಉಳುಮೆ ಮಾಡಿರೋ ಫೋಟೋ ಒಂದು ಬೇಕು. ಇಲ್ಲಾಂದ್ರೆ ಮಂಜೂರಾತಿ ರದ್ದಾಗ್ತತೆ. ರೂಲ್ ಹಂಗೈತೆ.”

ಭೀಮಕ್ಕ ಚಹಾ ಮುಟ್ಟಿರಲಿಲ್ಲ. “ನನ್ನ ಗಂಡನ ಎದೆ ಮ್ಯಾಲೆ ನೇಗಿಲು ಹೊಡಿಯಾಕೆ ಹೇಳ್ತೀರೇನ್ರೀ?”

ಅವರ ಕಣ್ಣುಗಳು ಒದ್ದೆಯಾದವು. ನಾಟಕವಲ್ಲ, ನಿಜವಾಗಿಯೂ ಆದವು. ಆ ಒದ್ದೆ ಕಣ್ಣು ಕಟ್ಟಿಕೊಂಡು ನಾವೇನು ಮಾಡುವುದು?

“ಉಳಲ್ಲ,” ಎಂದಳು ಭೀಮಕ್ಕ ಬಸ್ಸಿನಲ್ಲಿ. “ಚೀಟಿ ಸಮಾವೇಶದ ದಿನ ಅವ್ರ ಕೈಗೇ ವಾಪಸ್ ಕೊಡ್ತೀನಿ. ಬದಲಿ ಬರಕೊಟ್ರೆ ಸೈ.”

ಸಮಾವೇಶದ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದು ಕೇಳಿ ಕೇರಿಯೆಲ್ಲ ಓಡಿತು. ಅಷ್ಟರಲ್ಲಿ ಮುಕ್ಕಾಲು ಭಾಗ ಉತ್ತಾಗಿತ್ತು. ಗೌಡ ಬದುವಿನ ಮೇಲೆ ನಿಂತು ಫೋಟೋ ತೆಗೆಸುತ್ತಿದ್ದ.

“ಶಾಸಕರ ಕಾರ್ಯಕ್ರಮ, ಊರಿನ ಮರ್ಯಾದೆ ಪ್ರಶ್ನೆ. ಟ್ರ್ಯಾಕ್ಟರೂ ನಂದೇ, ಡೀಸೆಲ್ಲೂ ನಂದೇ. ಕಾಲಿಗೆ ಬೀಳೋದು ಬಿಟ್ಟು ಬಾಯಿ ಬಡ್ಕಂತೀರೇನಲೇ?”

ಉತ್ತು ಫೋಟೋ ಹೋದ ನೆಲಕ್ಕೆ ಬದಲಿ ಯಾರು ಕೊಡುತ್ತಾರೆ? ಅವನ ಮೆಕ್ಕೆಜೋಳದ ಬೇಲಿಗೆ ಇನ್ನು ಭಯವಿಲ್ಲ. ನಮ್ಮ ಹೆಣಗಳಿಗೆ ಜಾಗವಿಲ್ಲ. ಒಂದು ಟ್ಯಾಂಕ್ ಡೀಸೆಲ್‌ನಲ್ಲಿ ಮುಗಿಸಿದ್ದ, ಹಾಳಾದವನು.

ಮೂಕಪ್ಪಜ್ಜ ಉತ್ತ ಸಾಲಿನಲ್ಲಿ ಮಂಡಿಯೂರಿ ಮಣ್ಣು ಸರಿಸಿ, ಮೇಲೆದ್ದ ಮೂಳೆ ತೋರಿಸಿದ. “ಇದು ಹನುಮಂತು ಕಣವ್ವಾ. ಈ ಕೈಯಾಗೇ ಇಟ್ಟಿದ್ದೆ.”

ಭೀಮಕ್ಕ ಅಳಲಿಲ್ಲ. ಮನೆಗೆ ಹೋಗಿ ಒಗೆದ ಸೀರೆಯೊಂದನ್ನು ತಂದು ಹಾಸಿ, ಮೂಳೆಗಳನ್ನು ಒಂದೊಂದಾಗಿ ಆರಿಸಿ ಇಟ್ಟಳು. ಬುರುಡೆಯ ಕಣ್ಣಿನ ಮಣ್ಣನ್ನು ಬೆರಳಲ್ಲಿ ಬಿಡಿಸಿದಳು. ಸೈನ್ಯದಲ್ಲಿ ಎಷ್ಟೋ ಹೆಣ ಹೊತ್ತ ನಾನು ಅವತ್ತು ಬದುವಿಗೆ ಕೂತು ವಾಂತಿ ಮಾಡಿಕೊಂಡೆ.

“ಬಾಯಿ ತೊಳ್ಕ ತಮ್ಮಾ,” ಎಂದಳು ಗಂಟು ಕಟ್ಟುತ್ತಾ. “ಬಸ್ಸಿನ ಹೊತ್ತಾತು.”

ಜಗಳೂರಿನ ಶಾಮಿಯಾನದೊಳಗೆ ನಾಲ್ಕು ತಾಲ್ಲೂಕಿನ ಜನ. ಮೆಡಲು ಹಾಕಿಕೊಂಡ ಮುದುಕರು, ಹೊಸ ಸೀರೆಯ ವಿಧವೆಯರು. ಗೌಡನೂ ಮುಂದಿನ ಸಾಲಿನಲ್ಲಿದ್ದ. ಮೈಕಿನವನು ಕರೆದ: “ಹುತಾತ್ಮ ಯೋಧ ಹನುಮಂತಪ್ಪನವರ ಧರ್ಮಪತ್ನಿ, ಶ್ರೀಮತಿ ಭೀಮಕ್ಕ!”

ಹುತಾತ್ಮನಂತೆ! ಆಸ್ಪತ್ರೆಯ ಬೆಂಚಿನ ಮೇಲೆ ಹಳದಿಯಾಗಿ ಸತ್ತವನು.

ಅವಳು ವೇದಿಕೆ ಹತ್ತಿದಳು. ಹಿಂದೆ ನಾನು. ಶಾಸಕರು ಶಾಲು ಹಿಡಿದು ಮುಂದೆ ಬಂದರು. ಹಾರ ತುರಾಯಿಗಳ ನಡುವೆ ಮೇಜಿನ ಮೇಲೆ ಗಂಟಿಟ್ಟು ಬಿಚ್ಚಿದಳು.

“ಇವ್ರೇ ರೀ ನಿಮ್ಮ ಸೈನಿಕ. ಬೆಳಿಗ್ಗೆ ಗೌಡ್ರ ಟ್ರ್ಯಾಕ್ಟರ್ ಎಬ್ಬಿಸ್ತು. ನನಗ್ಯಾಕೆ ಶಾಲು? ಇವ್ರಿಗೆ ಹೊದಿಸ್ರಿ.”

ಮುರುಗೇಶಪ್ಪನವರ ಮುಖದಲ್ಲಿ ರಕ್ತವಿರಲಿಲ್ಲ. ಶಾಲನ್ನು ಆ ಮೂಳೆಗಳ ಮೇಲೆ ಹೊದಿಸಿ ಕೈ ಮುಗಿದರು. ಅವಳ ಮಾತು ಮೈಕಿಗೆ ಸಿಕ್ಕಿರಲಿಲ್ಲ. ಕೆಳಗಿದ್ದವರಿಗೆ ಕಂಡದ್ದು ಶಾಲು, ಕೈ ಮುಗಿದ ಶಾಸಕರು, ಅಷ್ಟೇ.

“ಪತಿಯ ಪವಿತ್ರ ಅಸ್ಥಿಯನ್ನೇ ಹೊತ್ತು ತಂದಿದ್ದಾಳೆ ಈ ವೀರನಾರಿ!” ಎಂದು ಮೈಕಿನವನು ಗದ್ಗದಿತನಾದ. ಶಾಮಿಯಾನ ಎದ್ದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಭಾರತ್ ಮಾತಾ ಕೀ ಜೈ. ಗೌಡನೂ ಚಪ್ಪಾಳೆ ತಟ್ಟಿದ. ನಾನು ಕಿರುಚಿದ್ದು ಆ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಯಾರೋ ಅವಳ ಕೈಗೆ ಚೀಟಿ ತುರುಕಿದರು, ಯಾರೋ ಗಂಟು ಕಟ್ಟಿಕೊಟ್ಟರು. ಮೈಕಿನವನು ಹೊನ್ನಾಳಿಯ ಪ್ರೇಮಮ್ಮನವರನ್ನು ಕರೆದ.

ಮಧ್ಯಾಹ್ನದ ಬಸ್ಸಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತು ಊರಿಗೆ ಬಂದಳು. ಇಳಿದವಳು ತನ್ನ ಮನೆಗೆ ಹೋಗಲಿಲ್ಲ. ಮೂಕಪ್ಪಜ್ಜನ ಹಟ್ಟಿಯಿಂದ ಸಲಿಕೆ, ಹಾರೆ ತಂದು, ಗೌಡನ ಬೇಲಿ ಕಿತ್ತು, ಮೆಕ್ಕೆಜೋಳದ ನಡುವೆ ಗುಣಿ ತೋಡತೊಡಗಿದಳು. ನಾನು ಹಾರೆ ಹಿಡಿದೆ. ಹಾಡುಹಗಲು. ಊರೆಲ್ಲ ನೋಡುತ್ತಿತ್ತು.

ಮೊಣಕಾಲುದ್ದ ಇಳಿದಿದ್ದೆವು. ಊರ ಅಗಸೆಬಾಗಿಲ ಕಡೆಯಿಂದ ಗೌಡನ ಜೀಪು ಬಂತು, ಹಿಂದೆ ಬಡಿಗೆ ಹಿಡಿದ ಏಳೆಂಟು ಆಳು.

“ಬಂದ್ರು ಅತ್ತಿಗೆ,” ಎಂದೆ. “ಇಷ್ಟು ಆಳ ಸಾಕಲ್ಲ?”

ಭೀಮಕ್ಕ ಬೆವರು ಒರೆಸಿಕೊಂಡು ಜೀಪಿನ ಕಡೆ ನೋಡಿದಳು. “ಆಳ ಸಾಕು,” ಎಂದಳು. “ಅಗಲ ಮಾಡು. ಇವ್ರ ಜೊತೆ ನಾವಿಬ್ರೂ ಹಿಡೀಬೇಕು.”