ಚೀಲದ ಮೇಲೆ ವೀರಭದ್ರ

ಎರಡು ಚೀಲ ಮುಂದಿಟ್ಟುಕೊಂಡು ಮಹಾಂತೇಶ್ ಮೂರನೇ ಸಲ ಅದೇ ಪ್ರಶ್ನೆ ಕೇಳಿದ: "ಯಾವ್ದು ಮಾಡ್ಲಿ ಹೇಳಿ ಇಂದ್ರೇಶಣ್ಣ? ಸಾಯಂಕಾಲದೊಳಗೆ ಹೇಳ್ದಿದ್ರೆ ಸೋಮವಾರಕ್ಕೆ ನಿಮ್ ಕೈಗೆ ಚೀಲ ಬರಲ್ಲ. ಬರೀ ಕೈಯೇ."

ಅರಸೀಕೆರೆ ಬಸ್ ನಿಲ್ದಾಣದ ಹಿಂದಿದ್ದ ಆ ಪ್ರಿಂಟಿಂಗ್ ಅಂಗಡಿಯನ್ನು ಇಂದ್ರೇಶ ನಿನ್ನೆಯಿಂದ ಗಾಣದೆತ್ತಿನಂತೆ ಸುತ್ತುತ್ತಿದ್ದ. ಗಾಣವೂ ಅವನದೇ ಎನ್ನಿ. ಅಪ್ಪ ಜಯದೇವಪ್ಪನವರ ಕೊಬ್ಬರಿ ಗೋದಾಮಿನ ಮುಂಭಾಗದಲ್ಲಿ ಸೋಮವಾರ ಅವನ 'ಸುವರ್ಣಮ್ಮ ಗಾಣದೆಣ್ಣೆ' ಅಂಗಡಿ ತೆರೆಯಬೇಕು. ಹೆಸರು ಅಮ್ಮನದು, ಜಾಗ ಅಪ್ಪನದು, ಹುಚ್ಚು ಮಾತ್ರ ಸ್ವಂತದ್ದು ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅಪ್ಪ ಕೊಟ್ಟ ಗಡುವು ದೀಪಾವಳಿ. ಅಷ್ಟರೊಳಗೆ ಗಿರಾಕಿ ಹತ್ತದಿದ್ದರೆ ಗಾಣ ಹೊರಕ್ಕೆ, ಕೊಬ್ಬರಿ ಮೂಟೆ ಒಳಕ್ಕೆ. ಜಾಹೀರಾತು ಅಂತ ಇದ್ದದ್ದು ಐನೂರು ಬಟ್ಟೆ ಚೀಲ, ಅಷ್ಟೇ. ಪ್ರಾರಂಭದ ದಿನ ಬಂದವರಿಗೆಲ್ಲ ಅದರಲ್ಲಿ ಎಲೆ, ಅಡಿಕೆ, ಕಾಯಿ ಹಾಕಿ ಕೊಡುವುದು. ಆಮೇಲೆ ಚೀಲ ಊರೂರು ತಿರುಗಿ ಅಂಗಡಿಯ ಹೆಸರು ಹೇಳುವುದು.

ಮಹಾಂತೇಶ್ ಕಂಡಕ್ಟರ್ ಊರು ಕೂಗಿದ ಹಾಗೆ ಮತ್ತೆ ಶುರು ಮಾಡಿದ. "ಸ್ಕ್ರೀನ್ ಪ್ರಿಂಟು! ಬಣ್ಣ ಬಟ್ಟೆಯೊಳಗೇ ಇಳೀತದೆ, ಒಗುದ್ರೂ ಜಗ್ಗಲ್ಲ. ಆದ್ರೆ ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಕಟ್ಬೇಕು, ಫೋಟೋ ಗೀಟೋ ಸರಿಯಾಗ್ ಬರಲ್ಲ. ಟ್ರಾನ್ಸ್‌ಫರ್! ಎಷ್ಟು ಬಣ್ಣ ಬೇಕಾದ್ರೂ ಹಾಳೇಲಿ ಅಚ್ಚಾಕಿ, ಬಿಸಿ ಮಿಷಿನ್ನಲ್ಲಿ ಒತ್ಬಿಡದು. ಆದ್ರೆ ಇಸ್ತ್ರಿ ಇಟ್ರೆ ಇಸ್ತ್ರಿಗೇ ಅಂಟ್ಕೊಂಡ್ ಹೋಯ್ತದೆ. ಕಸೂತಿ! ಹಾಸನದಲ್ಲಿ ಮಾಡಿಸ್ಬೇಕು, ಮದುವೆ ಹೆಣ್ಣಿನಂಗೆ ಕಾಣ್ತದೆ."

ಕಸೂತಿಯ ವಿಷಯದಲ್ಲಿ ಇಂದ್ರೇಶನಿಗೆ ಕಸಿವಿಸಿ ಇತ್ತು. ಆ ಮಾದರಿ ಚೀಲವನ್ನು ನಿನ್ನೆ ಮನೆಗೆ ಒಯ್ದದ್ದೇ ತಡ, ಅಮ್ಮ ಅದನ್ನು ರೇಷ್ಮೆ ಸೀರೆಗಳ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀರುವಿನೊಳಗಿನ ಜಾಹೀರಾತನ್ನು ನುಸಿಗುಳಿಗೆ ಬಿಟ್ಟರೆ ಇನ್ನಾರು ಓದಬೇಕು?

"ಟ್ರಾನ್ಸ್‌ಫರ್ ಮಾಡ್ಸು ಅಂತಾರೆ ನಮ್ಮಪ್ಪ," ಎಂದು ಇಂದ್ರೇಶ ಕತ್ತು ಒಳಗೆಳೆದುಕೊಂಡು, ಮೂಗಿನಿಂದ ಅಪ್ಪನ ದನಿ ಹೊರಡಿಸಿದ: "ಮನೆದೇವ್ರಿಲ್ದೆ ಒಂದು ಚೀಲಾನೂ ಈ ಬಾಗ್ಲು ದಾಟಲ್ಲ ಕಣೋ! ವೀರಭದ್ರಸ್ವಾಮಿ, ಕತ್ತಿ, ಮೀಸೆ, ಎಲ್ಲಾ ಬಣ್ಣಾನೂ ಇರ್ಬೇಕು!"

ಮಹಾಂತೇಶ್ ನಕ್ಕ. "ಥೇಟ್ ಅವ್ರೇ. ಆದ್ರೆ ಅವ್ರ ದನೀಲಿ ನಾನು ಆರ್ಡ್ರು ತಗಳಲ್ಲ. ನಿಮ್ದು ತೆಗೀರಿ."

ತನ್ನದು ಯಾವುದು ಎಂದೇ ಇಂದ್ರೇಶನಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಇಂದ್ರೇಶನ ಪಕ್ಕದ ಮನೆಯ ಸುಮಿತ್ರಮ್ಮ ಕಿತ್ತುಹೋದ ಪ್ಲಾಸ್ಟಿಕ್ ಕವರನ್ನು ತಬ್ಬಿಕೊಂಡು ಬಾಗಿಲಲ್ಲಿ ನಿಂತರು. "ಇಂದ್ರೇಶ, ಜಾವಗಲ್ ಬಸ್ಸಿಗೆ ಹೊಂಟಿದ್ದೆ, ಹಿಡಿ ಕಿತ್ತೋಯ್ತು. ಒಂದ್ ಚೀಲ ಇದ್ರೆ ಕೊಡಪ್ಪ."

ಇಂದ್ರೇಶ ಮುಂದಿದ್ದ ಟ್ರಾನ್ಸ್‌ಫರ್ ಮಾದರಿಯನ್ನೇ, ವೀರಭದ್ರನ ಚೀಲವನ್ನೇ ಕೊಟ್ಟ. ಗೊಂದಲವನ್ನು ಬಸ್ಸು ಹತ್ತಿಸಿ ನೋಡೋಣವೆಂದು ಅವರ ಹಿಂದೆಯೇ ನಡೆದ.

ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುಗಿಬಿದ್ದರು. ಟವೆಲ್ಲು, ಕರ್ಚೀಫು, ಛತ್ರಿ ಕಿಟಕಿಗಳಲ್ಲಿ ತೂರಿ ಸೀಟು ಹಿಡಿದವು. ಸುಮಿತ್ರಮ್ಮನೂ ಖಾಲಿ ಚೀಲವನ್ನು ಕಿಟಕಿಯಲ್ಲಿ ತೂರಿಸಿದರು. ವೀರಭದ್ರ ಮೀಸೆ ತಿರುವಿಕೊಂಡು, ಕತ್ತಿ ಹಿರಿದು, ಸೀಟಿನ ಮೇಲೆ ವಿರಾಜಮಾನನಾದ. ಮೊದಲು ಹತ್ತಿದ ದಢೂತಿ ಆಸಾಮಿಯೊಬ್ಬ ಚೀಲ ಸರಿಸಲು ಕೈ ಚಾಚಿ, ಬೆಚ್ಚಿ, ಕೈ ಮುಗಿದು ಹಿಂದಕ್ಕೆ ಸರಿದ.

"ಯಾರದ್ರೀ ದೇವ್ರು?" ಎಂದು ಕಂಡಕ್ಟರ್ ಕೂಗಿದ. "ಟಿಕೆಟ್ ತಗೊಂಡೈತಾ?"

ಬಸ್ಸೆಲ್ಲ ಅತ್ತ ತಿರುಗಿ ನೋಡಿತು. ಕಿಟಕಿಯ ಹೊರಗಿದ್ದ ಇಂದ್ರೇಶ ಹಿಗ್ಗಿದ. ಅಪ್ಪ ಹೇಳಿದ್ದೇ ಸರಿ! ಇಂಥ ಜಾಹೀರಾತು ಇನ್ನೆಲ್ಲಿ?

ಸುಮಿತ್ರಮ್ಮ ಕುಳಿತು, ಕವರಿನಲ್ಲಿದ್ದುದನ್ನು ಚೀಲಕ್ಕೆ ತುಂಬಿ, ಎಲ್ಲರಂತೆ ಕಾಲ ಬಳಿ ಇಡಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಮೇಲೆ ನೋಡಿದರೆ ಅಟ್ಟಣಿಗೆ ಭರ್ತಿ. ಕೊನೆಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಗದರಿದರು: "ಎಂಥಾ ಚೀಲ ಕೊಟ್ಯೋ! ಕೆಳಗಿಡಂಗಿಲ್ಲ, ಚಪ್ಪಲಿ ತಾಗಂಗಿಲ್ಲ. ನಾಳೆ ಇದ್ರಲ್ಲಿ ಈರುಳ್ಳಿ ತಂದೇನಾ? ಗೋಡೆಗೆ ಮೊಳೆ ಹೊಡ್ದು ನೇತಾಕ್ತೀನಿ, ನೋಡ್ತಿರು."

ಬಸ್ಸು ಹೊರಟಿತು. ಇಂದ್ರೇಶನ ಹಿಗ್ಗು ಕುಗ್ಗಿತು. ಒಂದು ಚೀಲ ಬೀರುವಿಗೆ, ಇನ್ನೊಂದು ಗೋಡೆಗೆ. ಹಾಗಾದರೆ ಊರೂರು ತಿರುಗುವುದು ಯಾವುದು? ನಿಲ್ದಾಣದ ನೆಲವನ್ನೇ ನೋಡುತ್ತಾ ನಿಂತ. ಜನರ ಕಾಲುಗಳ ನಡುವೆ ಚೀಲಗಳೇ ಚೀಲಗಳು. ಬೀಜದಂಗಡಿಯದು, ಜವಳಿ ಅಂಗಡಿಯದು, ಗೊಬ್ಬರದ್ದು. ಒಂದೇ ಬಣ್ಣದ ಅಕ್ಷರ, ಕೊಳೆ, ಕರೆ. ಆ ಅಂಗಡಿಗಳಿಗೆ ಅವನು ಒಮ್ಮೆಯೂ ಹೋದವನಲ್ಲ. ಹೆಸರುಗಳು ಮಾತ್ರ ಬಾಯಿಪಾಠ.

ಮನೆಗೆ ಹೋಗಿ, ಕುರ್ಚಿಯಲ್ಲಿ ಕುಳಿತಿದ್ದ ಅಪ್ಪನಿಗೆ ಬಸ್ಸಿನ ಕಥೆಯನ್ನೆಲ್ಲ ಹೇಳಿದ.

ಜಯದೇವಪ್ಪನವರು ಮುಖ ಗಂಟಿಕ್ಕಿದರು. "ಕಾಲ್ ಹತ್ರ ಇಡ್ತಾರಾ?"

"ಎಲ್ರೂ ಅಲ್ಲೇ ಇಡೋದು ಅಪ್ಪಾಜಿ. ಪಕ್ಕದೋರು ಎಲೆಅಡಿಕೆನೂ ಉಗೀತಾರೆ."

"ಶಿವ ಶಿವಾ! ಹಂಗಾದ್ರೆ ಸ್ವಾಮಿ ಬ್ಯಾಡ." ಇಂದ್ರೇಶ ಗೆದ್ದೆನೆಂದು ಫೋನು ತೆಗೆಯುವಷ್ಟರಲ್ಲಿ ಅಪ್ಪ ಕೈ ಎತ್ತಿದರು. "ತಡಿ. ನಿಮ್ಮಮ್ಮನ ಹೆಸ್ರಾದ್ರೆ ಕಾಲ್ ಹತ್ರ ಇಡ್ಬೌದೇನೋ?"

ಇದನ್ನು ಇಂದ್ರೇಶ ಯೋಚಿಸಿಯೇ ಇರಲಿಲ್ಲ. ಅಂಗಡಿಯ ಹೆಸರು ಬದಲಿಸಿದರೆ ಬೋರ್ಡು ಹೋಯಿತು. ಬಿಟ್ಟರೆ ಅಮ್ಮನ ಮಾನ ಹೋಯಿತು. ಅರ್ಧ ತೆಗೆದ ಫೋನನ್ನು ಮತ್ತೆ ಜೇಬಿಗಿಳಿಸಿದ.

ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಸುವರ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಇಡ್ಲಿ ಬಿಡ್ರೀ. ನಿಮ್ ಕೊಬ್ರಿ ಕಾಯ್ಕೊಂಡು ನಾನಂತೂ ಈ ಬೀದಿ ದಾಟ್ಲಿಲ್ಲ. ಹೆಸ್ರಾದ್ರೂ ಜಾವಗಲ್ಲು, ಹಳೇಬೀಡು, ಬೇಲೂರು ನೋಡ್ಕೊಂಡ್ ಬರ್ಲಿ."

ಜಯದೇವಪ್ಪನವರು ಹೆಂಡತಿಯ ಕಡೆ ನೋಡಿದರು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಆಮೇಲೆ ಮಗನಿಗೆ, "ಅಕ್ಷರ ದಪ್ಪ ಇರ್ಲಿ ಅನ್ನು. ದೂರಕ್ಕೆ ಕಾಣಂಗೆ," ಎಂದರು.

ಇಂದ್ರೇಶ ಫೋನು ಮಾಡಿದ. "ಮಹಾಂತೇಶ, ಸ್ಕ್ರೀನ್ ಪ್ರಿಂಟು. ಒಂದೇ ಬಣ್ಣ, ದಪ್ಪಕ್ಷರ."

"ಮತ್ತೆ ದೇವ್ರು?"

"ಬೇಡ. ಅಮ್ಮ ಒಬ್ಳೇ ಹೋಗ್ತಾಳೆ."

ಆ ಕಡೆ ಮಹಾಂತೇಶ್ ತಬ್ಬಿಬ್ಬಾದ. "ಎಲ್ಲಿಗಣ್ಣಾ?"